ಗಂಗಿಯ ಹರಗೋಲು ಮತ್ತು ಐದು ಹೆಸರು

ಬೆಳ್ಳುಳ್ಳಿ ಸುಲಿಯುವ ವಾಸನೆ ಬಂದರೆ ನನಗೆ ಭೀಮಾ ನದಿ ನೆನಪಾಗುತ್ತದೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಪುಣೆಯ ವಿಮಾನ ನಗರದಲ್ಲಿರುವ ನಮ್ಮ ಹೋಟೆಲಿನ ಅಡುಗೆಮನೆಯ ಹಿಂದೆ, ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಬೆಳ್ಳುಳ್ಳಿ ಸುಲಿಯುವ ಕೆಲಸ ನಡೆಯುತ್ತದೆ. ಎರಡು ವರ್ಷದಿಂದ ಆ ಒಂದು ಗಂಟೆ ನಾನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಮೊನ್ನೆ ಮ್ಯಾನೇಜರ್ ರಜೆ ಹಾಕಿದ್ದರಿಂದ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಲು ನಾನೇ ಹೋಗಬೇಕಾಯಿತು. ಹೊರಗೆ ಮಳೆ. ಬುಟ್ಟಿಯ ಮುಂದೆ ಕೂತ ಮಲ್ಲವ್ವ ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿಗೆ ಕತೆ ಹೇಳಲು ಶುರು ಮಾಡುತ್ತಿದ್ದಳು. ಮೊದಲ ಮಾತು ಕಿವಿಗೆ ಬಿದ್ದದ್ದೇ ನನ್ನ ಕಾಲುಗಳು ಅಲ್ಲೇ ನಿಂತವು. ಆ ಮಾತು ಏನೆಂದು ಹೇಳುವುದಕ್ಕೆ ಮೊದಲು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದ ಬಗ್ಗೆ ಹೇಳಬೇಕು.

ನಾನು ಹೋಟೆಲಿನವನು. ಉಡುಪಿ ಕಡೆಯಿಂದ ಬಂದ ಅಜ್ಜ ಪುಣೆಯಲ್ಲಿ ಒಲೆ ಹೂಡಿದ, ಅಪ್ಪ ಅದನ್ನು ಆರಲು ಬಿಡಲಿಲ್ಲ, ನಾನು ಅದರ ಶಾಖದಲ್ಲಿ ಕೂತು ಮಕ್ಕಳಿಗೆ ಐತಿಹಾಸಿಕ ಸಾಹಸ ಕಾದಂಬರಿ ಬರೆಯುತ್ತೇನೆ. ಕಲ್ಯಾಣದ ಅರಸರ ಕಾಲ ನನಗೆ ಪ್ರಿಯ. ಕೋಟೆ, ಸುರಂಗ, ಕುದುರೆ, ಮಾರುವೇಷ ಎಲ್ಲವೂ ನನ್ನ ಪುಸ್ತಕಗಳಲ್ಲಿ ಧಾರಾಳವಾಗಿ ಇರುತ್ತವೆ. ನಿಜವಾಗಿ ನಾನು ಕುದುರೆ ಹತ್ತಿದ್ದು ಮಹಾಬಳೇಶ್ವರದಲ್ಲಿ ಒಂದೇ ಸಲ, ಹತ್ತು ನಿಮಿಷ. ಖಡ್ಗಕ್ಕೆ ಹತ್ತಿರದ್ದೇನಾದರೂ ಹಿಡಿದಿದ್ದರೆ ಅದು ದೋಸೆ ಸಟ್ಟುಗ. ಆದರೂ ಎರಡು ಕಾದಂಬರಿ ಅಚ್ಚಾಗಿದ್ದವು, ಶಾಲೆಗಳ ಗ್ರಂಥಾಲಯಗಳಿಗೆ ಹೋಗಿದ್ದವು, ಮೂರನೆಯದು ಕೊಡಿ ಎಂದು ಪ್ರಕಾಶಕರು ಕೇಳಿದ್ದರು. ಆ ಮಳೆಗಾಲದಲ್ಲಿ ನನ್ನ ಬಳಿ ಹಾಳೆ ಇತ್ತು, ಪೆನ್ನು ಇತ್ತು, ಕತೆ ಮಾತ್ರ ಇರಲಿಲ್ಲ.

ಅಜ್ಜನ ಕಾಲದಲ್ಲಿ ಬೆಳ್ಳುಳ್ಳಿಗೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವ ಯೋಗ್ಯತೆ ಇರಲಿಲ್ಲ. ಈಗ ಪಾವ್‌ಭಾಜಿ, ಮಂಚೂರಿಗಳ ದಯೆಯಿಂದ ದಿನಕ್ಕೆ ಬುಟ್ಟಿಗಟ್ಟಲೆ ಬೇಕು. ಅದನ್ನು ಸುಲಿಯಲು ಬಂದವಳು ಮಲ್ಲವ್ವ. ಯಾದಗಿರಿ ಕಡೆ ಭೀಮಾ ದಂಡೆಯ ಹಳ್ಳಿಯವಳು, ಅಂಬಿಗರ ಮನೆತನದವಳು. ಗಂಡನ ಜೊತೆ ಇಲ್ಲೇ ಪುಣೆಯ ಮಗರಪಟ್ಟಾದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು. ಮೊಣಕಾಲು ಕೈಕೊಟ್ಟ ಮೇಲೆ ಕೂತು ಮಾಡುವ ಕೆಲಸ ಹುಡುಕಿಕೊಂಡು ನಮ್ಮಲ್ಲಿಗೆ ಬಂದಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಎಲ್ಲರಂತೆ ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ಅದಕ್ಕೊಂದು ಗೌರವ ಸೇರಿಸಿ ಅಣ್ಣಾರ.

ಆ ಸಲ ಜುಲೈಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಾಗಿಲಲ್ಲಿ ಹಾಸಿದ ಗೋಣಿಚೀಲ ದಿನಕ್ಕೆ ಮೂರು ಸಲ ಬದಲಾಯಿಸಬೇಕಿತ್ತು. ಒಂದು ಮಧ್ಯಾಹ್ನ ನಾನು ಹಿಂದೆ ಹೋದಾಗ ಮಲ್ಲವ್ವ ಮೊಬೈಲಿನಲ್ಲಿ ಊರಿನ ತಂಗಿಯ ಜೊತೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು.

“ಇಲ್ಲಿ ಡ್ಯಾಮಿನ ಬಾಗಲಾ ತಗದಾರ. ನಾಕೈದು ದಿನದಾಗ ನಿಮ್ಮಲ್ಲಿಗಿ ಬರ್ತದ. ಪಂಪ್‌ಸೆಟ್ ಮ್ಯಾಲ ಎತ್ತಿಡು.”

ಫೋನ್ ಇಟ್ಟ ಮೇಲೆ ನಾನು, “ಎಂತ ಮಲ್ಲವ್ವ, ನೀರಾವರಿ ಇಲಾಖೆಯವರು ನಿಮ್ಮನ್ನೇ ನೇಮಿಸಿದ್ದಾರಾ?” ಎಂದು ಛೇಡಿಸಿದೆ.

“ನಗಬ್ಯಾಡ್ರಿ ಅಣ್ಣಾರ. ಈ ನೀರೇ ಮುಂದ ಭೀಮಿಗಿ ಕೂಡ್ತದ, ಭೀಮಿ ನಮ್ಮೂರ ಮುಂದ ಹೋಗ್ತದ. ಹೊಳಿ ತಿಳೀಬೇಕಂದ್ರ ಅಂಬಿಗರನ್ನ ಕೇಳ್ಬೇಕು. ನಮ್ಮ ಗಂಗಿ ಹೊಳಿ ತಿಳದಿದ್ದಕ್ಕ ಒಂದು ದಂಡಿಗಿ ದಂಡೇ ವಾಪಸ ಕಳಿಸ್ಯಾಳ.”

ದಂಡು ಎಂದದ್ದೇ ತಡ, ನಾನು ಈರುಳ್ಳಿ ಮೂಟೆಯ ಮೇಲೆ ಕೂತೆ. ಜೇಬಿನಲ್ಲಿ ಆರ್ಡರ್ ಬರೆಯುವ ಚೀಟಿಗಳಿದ್ದವು. ಅವುಗಳ ಹಿಂಬದಿಯಲ್ಲೇ ಬರೆದುಕೊಳ್ಳಲು ಶುರು ಮಾಡಿದೆ.

ಮಲ್ಲವ್ವ ಕೂಡಲೇ ಕತೆಗೆ ಇಳಿಯಲಿಲ್ಲ. ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಹೆಸರು ಹೇಳತೊಡಗಿದಳು. “ಇದು ನಮ್ಮವ್ವ ಭೀಮವ್ವ ಹೇಳಿದ್ದು. ಆಕಿಗಿ ಆಕಿ ಅವ್ವ ಶರಣವ್ವ ಹೇಳಿದ್ದು. ಶರಣವ್ವಗ ನಾಗವ್ವ ಹೇಳಿದ್ದು...” ಹೀಗೆ ಐದು ಹೆಸರು. ಐದನೆಯದು ಮುಗಿಯುವ ಹೊತ್ತಿಗೆ ಮೇಲಿನಿಂದ ಒಂದು ವಿಮಾನ ಹೋಯಿತು. ತಗಡು ಗಡಗಡ ಎಂದಿತು. ಅವಳು ವಿಮಾನ ಹೋಗುವವರೆಗೂ ಕಾದು ಮತ್ತೆ ಮೊದಲಿನಿಂದ ಐದೂ ಹೆಸರು ಹೇಳಿದಳು.

“ಮಾರಾಯ್ತಿ, ಕತೆಗಿಂತ ಪೀಠಿಕೆಯೇ ಉದ್ದ ಆಯಿತಲ್ಲ” ಎಂದೆ.

“ಹೆಸರ ಹೇಳಲಾರದ ಈ ಕತಿ ಹೇಳಬಾರದ್ರಿ. ನಡು ಹೊಳ್ಯಾಗ ಹುಟ್ಟು ಬಿಟ್ಟಂಗ ಆಗ್ತದ. ನಮ್ಮವ್ವ ಸಾಯೂ ಮುಂದ ಇದನ್ನ ನನ್ನ ಕಡಿಂದ ಮೂರು ಸಲ ಹೇಳಿಸ್ಯಾಳ.”

ಕತೆ ಇದು. ಭೀಮಾ ತುಂಬಿ ಹರಿಯುವ ಕಾಲ. ಶತ್ರುಗಳ ದಂಡು ಹೊಳೆಯ ಈಚೆ ದಡಕ್ಕೆ ಬಂದು ಬೀಡುಬಿಟ್ಟಿದೆ. ಕೋಟೆ ಇರುವುದು ಆಚೆ ದಡದಲ್ಲಿ. ಅಂಬಿಗರೆಲ್ಲ ತಮ್ಮ ಹರಗೋಲುಗಳನ್ನು ಆಚೆ ದಡಕ್ಕೆ ಒಯ್ದು ಬಚ್ಚಿಟ್ಟು ಓಡಿಹೋಗಿದ್ದಾರೆ. ಈಚೆ ಉಳಿದವಳು ಗಂಗಿ ಒಬ್ಬಳೇ, ಹದಿನಾಲ್ಕು ವರ್ಷದವಳು. ನಡೆಯಲಾಗದ ಅಜ್ಜಿಯನ್ನು ಬಿಟ್ಟು ಹೋಗಲಾರದೆ ಉಳಿದವಳು. ಅವಳ ಬಳಿ ಒಂದೇ ಒಂದು ಹರಗೋಲು, ಬಿದಿರಿನ ಬುಟ್ಟಿಗೆ ಎಮ್ಮೆ ಚರ್ಮ ಹೊದಿಸಿದ್ದು. ಎಂಟು ಜನ ಸೈನಿಕರು ಬಂದು, ನಮ್ಮನ್ನು ಆಚೆ ದಾಟಿಸು, ಅಲ್ಲಿ ಬಚ್ಚಿಟ್ಟ ಹರಗೋಲುಗಳನ್ನು ಹಿಡಿದು ತರುತ್ತೇವೆ ಎಂದರು. ಇಲ್ಲವೆಂದರೆ ಅಜ್ಜಿಯ ಕುತ್ತಿಗೆಗೆ ಕತ್ತಿ. ಗಂಗಿ ಹತ್ತಿಸಿಕೊಂಡಳು.

“ಹರಗೋಲು ಅಂದ್ರ ತಿರಗ್ಕೋಂತೇ ಹೋಗ್ತದ್ರಿ. ಹೊಸಬರಿಗಿ ಎರಡ ಸುತ್ತಿನಾಗ ದಿಕ್ಕ ತಪ್ತಾವ. ಮ್ಯಾಲ ಧೋ ಅಂತ ಮಳಿ. ಈ ದಂಡಿ ಕಾಣಂಗಿಲ್ಲ, ಆ ದಂಡಿ ಕಾಣಂಗಿಲ್ಲ. ಗಂಗಿ ನಡು ಹೊಳಿಗಿ ಒಯ್ದು ಸುತ್ತಾಕಿ ಸುತ್ತಾಕಿ, ಮತ್ತ ಇದೇ ದಂಡಿಗಿ ತಂದು ಇಳಿಸಿದಳು. ಸ್ವಲ್ಪ ಕೆಳಗ, ಬಂಡಿಗಲ್ಲಿನ ಮಡುವಿನ್ಯಾಗ. ‘ಇದೇ ಆಚಿ ದಂಡಿ, ಇಳೀರಿ’ ಅಂದಳು.”

ಮೂರನೆಯ ಕಾದಂಬರಿ ಬರೆಯಲು ಹೊರಟವನ ಅಹಂಕಾರದಿಂದ ನಾನು ಕೇಳಿದೆ, “ಅದು ಹೇಗೆ? ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿದರೆ ಗೊತ್ತಾಗುವುದಿಲ್ಲವಾ?”

ಮಲ್ಲವ್ವ ನನ್ನನ್ನು ಶಾಲೆಯ ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. “ಅದಕ್ಕೇ ಅಲ್ಲೇನ್ರಿ ಮಡುವಿಗಿ ತಂದಾಳ! ಬಂಡಿಗಲ್ಲಿಗಿ ಬಡದ ನೀರು ದಂಡಿಗುಂಟ ಹಿಂದಕ ತಿರಗ್ತದ. ಅವರೂ ಶಾಣ್ಯಾರೇ ಇದ್ರು, ನೀರ ನೋಡಿದ್ರು. ನೀರು ಉಲ್ಟಾ ಹೊಂಟದ, ಹೌದು, ಆಚಿ ದಂಡಿಗಿ ಬಂದೀವಿ ಅಂತ ಇಳದು ನಡದೇ ಬಿಟ್ರು.”

ನಾನು ಎದ್ದು ನಿಂತೆ. ಸುಳ್ಳಲ್ಲ, ಮೈ ಜುಮ್ಮೆಂದಿತು. ಆ ಎಂಟು ಜನ ಮಳೆಯಲ್ಲಿ ಒಂದು ಹಗಲು ನಡೆದು ಹರಗೋಲು ಹುಡುಕಿದರಂತೆ. ಅವರಿಗೆ ತಪ್ಪು ಗೊತ್ತಾಗುವಷ್ಟರಲ್ಲಿ ಗಂಗಿ ಮಳೆಯ ಮರೆಯಲ್ಲಿ ಗುಡಿಸಲಿಗೆ ಮರಳಿ, ಅಜ್ಜಿಯನ್ನು ಕೂರಿಸಿಕೊಂಡು ನಿಜವಾದ ಆಚೆ ದಡ ಸೇರಿದ್ದಳು. ಹೊಳೆ ಇನ್ನೂ ಏರಿತು. ದಾಟಲಾಗದೆ ದಂಡು ವಾಪಸು ಹೋಯಿತು.

“ಆಮೇಲೆ? ರಾಜ ಕರೆಸಿದನಾ? ಗಂಗಿಗೆ ಎಂತ ಸಿಕ್ಕಿತು?”

“ಯಾವ ರಾಜ್ರಿ? ರಾಜರು ಬರ್ತಾರ, ಹೋಗ್ತಾರ. ಮರುದಿನ ಗಂಗಿ ಹರಗೋಲಿನ ಚರ್ಮಕ್ಕ ಎಣ್ಣಿ ಹಚ್ಚಿದಳು. ಚರ್ಮ ನೆನದಿತ್ತಲ್ಲ, ಒಣಗಿ ಸೀಳಬಾರದಂತ. ಅಷ್ಟೇ ಕತಿ.”

ಆಗಸ್ಟ್ ಪೂರ್ತಿ ನಾನು ದಿನವೂ ಮೂರು ಗಂಟೆಗೆ ಆ ಮೂಟೆಯ ಮೇಲೆ ಕೂತೆ. ಮುಂದಿನ ಕೌಂಟರಿನಿಂದ “ಅಣ್ಣಾ, ದೋನ್ ಚಹಾ!” ಎಂದು ಕೂಗಿದರೂ ಕೇಳದಷ್ಟು ಮುಳುಗಿದ್ದೆ. ಹರಗೋಲಿನ ಅಗಲ ಎಷ್ಟು, ಯಾವ ಬಿದಿರು, ಎಷ್ಟು ಚರ್ಮ, ಹುಟ್ಟು ಹೇಗೆ ಹಿಡಿಯಬೇಕು, ಮಡುವಿನ ನೀರು ಯಾವ ಬಣ್ಣ ಎಂದೆಲ್ಲ ಕೇಳಿದೆ. ಅವಳು ಬೆಳ್ಳುಳ್ಳಿ ಸಿಪ್ಪೆಗಳ ನಡುವೆ ಬೆರಳಿನಿಂದ ಹೊಳೆ ಬರೆದು ತೋರಿಸಿದಳು. ಯಾವತ್ತೂ ಬೇಸರಪಡಲಿಲ್ಲ. ಪ್ರತಿದಿನವೂ ಮಾತು ಶುರು ಮಾಡುವ ಮೊದಲು ಆ ಐದು ಹೆಸರು ಮಾತ್ರ ಬಿಡುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಒಂದು ದಿನ, ಏನೋ ದೊಡ್ಡದು ಬೇಡುವವರಂತೆ ಸಂಕೋಚದಿಂದ ಕೇಳಿದಳು.

“ಅಣ್ಣಾರ, ಪುಸ್ತಕದಾಗ ನಮ್ಮವ್ವನ ಹೆಸರು ಬರ್ತದೇನ್ರಿ? ಐದೂ ಬರೀತೀರೇನು? ನನ್ನದು ಬ್ಯಾಡ, ನಾ ಇನ್ನಾ ಜೀವಂತ ಇದ್ದೀನಿ.”

“ಬರೆಯದೆ ಇರುತ್ತೇನಾ ಮಲ್ಲವ್ವ” ಎಂದೆ. ಆ ಕ್ಷಣದಲ್ಲಿ ನಿಜವಾಗಿಯೂ ಬರೆಯುವ ಮನಸ್ಸಿತ್ತು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಹಸ್ತಪ್ರತಿ ಕಳಿಸಿದೆ. ಬೆಂಗಳೂರಿನಿಂದ ಸಂಪಾದಕರು ಫೋನ್ ಮಾಡಿದರು. ಮಡುವಿನ ಅಧ್ಯಾಯ ಓದಿ ಕುಣಿದಾಡಿಬಿಟ್ಟೆ ಎಂದರು. ಆಮೇಲೆ ದನಿ ಇಳಿಸಿ, “ಆದ್ರೆ ಸರ್, ಎಂಡಿಂಗ್ ಸ್ವಲ್ಪ ಸಪ್ಪೆ ಆಯ್ತು. ಎಣ್ಣೆ ಹಚ್ಚಿದ್ಳು ಅಂತ ಮುಗಿಸಿದ್ರೆ ಮಕ್ಕಳಿಗೆ ಏನ್ ಸಿಗುತ್ತೆ? ಏನಾದ್ರೂ ಒಂದು ಮಾಡಿ” ಎಂದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ನನ್ನ ಕೈಯದು, ಅವರ ಮೇಲೆ ಹಾಕಿ ನಾನು ತೊಳೆದುಕೊಳ್ಳಲಾರೆ.

ನನಗೆ ಹದಿನೈದು ನಿಮಿಷ ಸಾಕಾಯಿತು. ಗಂಗಿಯ ಸೊಂಟದಲ್ಲಿ ಒಂದು ಉಂಗುರ ಇಟ್ಟೆ. ಕೊನೆಯ ಅಧ್ಯಾಯದಲ್ಲಿ ಅದನ್ನು ಅರಮನೆಯಲ್ಲಿ ಎಲ್ಲರೂ ನೋಡಿದರು. ಅವಳು ಅಂಬಿಗರ ಮಗಳೇ ಅಲ್ಲ, ಕೂಸಾಗಿದ್ದಾಗ ಹೊಳೆಯಲ್ಲಿ ತೇಲಿಬಂದ ದಂಡನಾಯಕನ ಮಗಳು, ನಿಜವಾದ ಹೆಸರು ಹೈಮವತಿ ಎಂದು ಬಯಲಾಯಿತು. ಮುದಿ ಮಂತ್ರಿಯ ಬಾಯಲ್ಲಿ ಒಂದು ಮಾತು ಹಾಕಿದೆ, “ಸಿಂಹದ ಮರಿಗಲ್ಲದೆ ಇಂಥ ಬುದ್ಧಿ ಇನ್ನಾರಿಗೆ ಬಂದೀತು!” ಬರೆದು ಮುಗಿಸಿ ಒಂದು ಸ್ಟ್ರಾಂಗ್ ಕಾಫಿ ತರಿಸಿ ಕುಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದಂಡನಾಯಕನ ಮಗಳ ಕತೆಯ ಮುಂದೆ ಐದು ಜನ ಅಂಬಿಗರ ಹೆಂಗಸರ ಹೆಸರು ಹಾಕಿದರೆ ಹೊಂದುವುದಿಲ್ಲವಲ್ಲ, ಅದನ್ನೂ ಬಿಟ್ಟೆ. ಮೊದಲ ಪುಟದಲ್ಲಿ ‘ಸಂಪೂರ್ಣ ಕಾಲ್ಪನಿಕ’ ಎಂದು ಅಚ್ಚಾಯಿತು.

ಪುಸ್ತಕ ಬಂದಾಗ ಒಂದು ಪ್ರತಿ ಮಲ್ಲವ್ವನಿಗೂ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಎರಡೂ ಕೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡಳು. ಮುಖಪುಟದ ಹುಡುಗಿಯ ಮೈಮೇಲಿನ ಒಡವೆಗಳ ಮೇಲೆ ಬೆರಳಾಡಿಸಿ, “ನಮ್ಮವ್ವನ ಹೆಸರು ಎಲ್ಲೈತ್ರಿ?” ಎಂದಳು.

“ಒಳಗಿದೆ ಮಲ್ಲವ್ವ” ಎಂದು ಕೌಂಟರಿನ ಕಡೆ ನಡೆದೆ. ಅಲ್ಲಿ ಯಾವ ಗಿರಾಕಿಯೂ ಇರಲಿಲ್ಲ.

ಪುಸ್ತಕ ಚೆನ್ನಾಗಿ ಓಡಿತು. ಮಕ್ಕಳಿಂದ ಪತ್ರಗಳು ಬಂದವು. ಹೆಚ್ಚಿನವರು ಮಡುವಿನ ಅಧ್ಯಾಯವನ್ನೇ ಹೊಗಳಿದ್ದರು. ಪ್ರತಿ ಪತ್ರ ಒಡೆಯುವಾಗಲೂ ಮಲ್ಲವ್ವನಿಗೆ ಕೊಟ್ಟ ಮಾತು ನೆನಪಾಗುತ್ತಿತ್ತು, ಹೊಗಳಿಕೆ ಓದಿ ಮುಗಿಸುವಷ್ಟರಲ್ಲಿ ಅದು ಮರೆತುಹೋಗುತ್ತಿತ್ತು. ಮಲ್ಲವ್ವ ಪುಸ್ತಕವನ್ನು ತನ್ನ ಖೋಲಿಯಲ್ಲಿ ದೇವರ ಪಟದ ಪಕ್ಕ ಇಟ್ಟು ಕುಂಕುಮ ಹಚ್ಚಿದ್ದಾಳೆ ಎಂದು ಯಾರೋ ಹೇಳಿದರು. ನಾನು ಆ ಖೋಲಿಗೆ ಹೋಗಲಿಲ್ಲ.

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಮಲ್ಲವ್ವನ ಮೊಮ್ಮಗಳು ಭಾಗ್ಯಶ್ರೀ ಊರಿನಿಂದ ಬಂದಳು. ಏಳನೇ ಇಯತ್ತೆ, ಎರಡು ಜಡೆ, ಪಟಪಟ ಮಾತು. ಮಧ್ಯಾಹ್ನ ಅಜ್ಜಿಯ ಪಕ್ಕ ಕೂತವಳು ನನ್ನನ್ನು ನೋಡಿದ್ದೇ ಎದ್ದು ನಿಂತಳು.

“ಸರ್, ನಿಮ್ಮ ಪುಸ್ತಕ ನಮ್ಮ ಸಾಲ್ಯಾಗೂ ಅದರಿ. ನಾ ಮೂರು ಸಲ ಓದೀನಿ. ನಮ್ಮಜ್ಜಿ ನಮಗ ಎಲ್ಲಾ ತಪ್ಪು ಹೇಳಿಬಿಟ್ಟಿದ್ದಳ್ರಿ. ಗಂಗಿ ಅಂಬಿಗರಾಕಿ ಅಂತ ಹೇಳ್ತಿದ್ದಳು. ಆಕಿ ಹೈಮವತಿ ಅಲ್ರಿ? ಸಿಂಹದ ಮರಿಗಲ್ಲದೆ ಇಂಥ ಬುದ್ಧಿ ಇನ್ನಾರಿಗೆ ಬಂದೀತು!”

ಮಂತ್ರಿಯ ಮಾತನ್ನು ಅವಳು ಕೈ ಎತ್ತಿ, ನಾಟಕದಲ್ಲಿ ಹೇಳುವಂತೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಮಲ್ಲವ್ವನ ಮುಖ ನೋಡಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ನಾನು ಇವತ್ತು ಇಷ್ಟು ಬರೆಯುತ್ತಿರಲಿಲ್ಲ.

ಅವಳು ನಾಚಿಕೊಂಡು ನಕ್ಕಳು. “ಹೌದ್ರಿ ಅಣ್ಣಾರ. ಕೂಸು ಎಲ್ಲಾ ಓದಿ ಹೇಳ್ತು. ನಾವು ತಿಳೀಲಾರದ ಜನ, ತಪ್ಪು ಹೇಳ್ಕೋಂತ ಬಂದೀವಿ. ನಮ್ಮಾಕಿ ಅಂತ ಅಂದ್ಕೊಂಡು ಬಿಟ್ಟಿದ್ವಿ.”

“ಇಲ್ಲ ಮಲ್ಲವ್ವ, ತಪ್ಪಲ್ಲ. ಆ ಉಂಗುರ ನಾನು ಸೇರಿಸಿದ್ದು. ಅರಮನೆ, ಹೈಮವತಿ ಎಲ್ಲ ನಾನು ಕಟ್ಟಿದ್ದು. ನೀವು ಹೇಳಿದ್ದೇ ಸರಿ” ಎಂದೆ.

“ನೀವು ದೊಡ್ಡವರು, ನಮ್ಮ ಮನಸಿಗಿ ಬ್ಯಾಸರ ಆಗಬಾರದಂತ ಹಂಗ ಅಂತೀರಿ. ಸುಳ್ಳ ಇದ್ರ ಪುಸ್ತಕದಾಗ ಯಾಕ ಹಾಕ್ತಾರ್ರಿ? ಸಾಲ್ಯಾಗ ಯಾಕ ಇಡ್ತಾರ?”

“ನಿಮ್ಮ ಅವ್ವನ ಹೆಸರು ಹಾಕುತ್ತೇನೆ ಅಂದಿದ್ದೆ. ಹಾಕಲಿಲ್ಲ.”

“ಅದೂ ಕೂಸು ಹೇಳ್ತು. ಕತಿ ನಮ್ಮದಲ್ಲ ಅಂದ ಮ್ಯಾಲ ನಮ್ಮ ಹೆಸರು ಯಾಕ ಇರ್ತಾವರಿ?”

ಇಷ್ಟು ಹೇಳಿ ಅವಳು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಮೊಮ್ಮಗಳು ಹೆಮ್ಮೆಯಿಂದ ನನ್ನ ಸಹಿ ಕೇಳಿದಳು, ಹಾಕಿಕೊಟ್ಟೆ. ಅವತ್ತಿನಿಂದ ನಾನು ಮೂರು ಗಂಟೆಗೆ ಹಿಂದೆ ಹೋಗುವುದನ್ನು ಬಿಟ್ಟೆ. ತಪ್ಪೊಪ್ಪಿಕೊಂಡರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ತೆಗೆದುಕೊಳ್ಳುವವರೇ ಇಲ್ಲದಿದ್ದರೆ ಅದನ್ನು ಎಲ್ಲಿ ಇಳಿಸುವುದು?

ಈಗ ಮೊನ್ನೆಯ ಮಾತಿಗೆ ಬರುತ್ತೇನೆ. ಸಿಲಿಂಡರಿನವನು ಇನ್ನೂ ಬಂದಿರಲಿಲ್ಲ. ಮಲ್ಲವ್ವ ಹೊಸ ಹೆಂಗಸಿಗೆ ಕತೆ ಶುರು ಮಾಡಿದಳು. ಬೆಳ್ಳುಳ್ಳಿ ಕೆಳಗಿಟ್ಟಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಕಣ್ಣು ಮುಚ್ಚಿದಳು. ನಾನು ಭೀಮವ್ವ ಎಂಬ ಹೆಸರಿಗಾಗಿ ಕಾದೆ.

“ಇದು ನಮ್ಮ ಅಣ್ಣಾರು ಹೇಳಿದ್ದು. ಒಬ್ಬ ದಂಡನಾಯಕ ಇದ್ದ. ಅವಗೊಬ್ಬಾಕಿ ಮಗಳು...”

ನಾನು ಮುಂದೆ ಹೋಗಿ ಅವಳೆದುರು ನೆಲದ ಮೇಲೆ ಕೂತೆ. ಹೊಸ ಹೆಂಗಸು ಗಾಬರಿಯಾಗಿ ಎದ್ದಳು. “ಮಲ್ಲವ್ವ, ಪುಸ್ತಕ ಮತ್ತೆ ಅಚ್ಚಾಗುತ್ತದೆ. ಈ ಸಲ ಉಂಗುರ ತೆಗೆಯುತ್ತೇನೆ. ಸಂಪಾದಕರ ಜೊತೆ ಜಗಳವಾಡಿಯಾದರೂ ತೆಗೆಯುತ್ತೇನೆ. ಮೊದಲ ಪುಟದಲ್ಲಿ ಐದು ಹೆಸರೂ ಹಾಕುತ್ತೇನೆ. ಅಚ್ಚಿನಲ್ಲಿ ಬಂದರೆ ನಂಬುತ್ತೀರಲ್ಲ? ಹೇಳಿ, ಬರೆದುಕೊಳ್ಳುತ್ತೇನೆ” ಎಂದೆ.

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟು ಕಣ್ಣು ಮುಚ್ಚಿದಳು. “ನಮ್ಮವ್ವ ಭೀಮವ್ವ. ಆಕಿ ಅವ್ವ ಶರಣವ್ವ. ಶರಣವ್ವಗ ನಾಗವ್ವ. ನಾಗವ್ವಗ...” ನಿಂತಳು. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲವೂ ನಾಗವ್ವನ ಮುಂದೆ ಹೋಗಲಾಗಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು.

“ಹೇಳೂದು ಬಿಟ್ಟು ಎರಡು ವರ್ಷ ಆತಲ್ರಿ. ಬಾಯಿಂದ ಹೋಗ್ಯಾವ” ಎಂದಳು. ಆಮೇಲೆ ಏನೋ ಹೊಳೆದು ಅವಳ ಮುಖ ಅರಳಿತು. “ಅಲ್ಲ, ನೀವು ಬರ್ಕೊಂಡಿದ್ರಲ್ರಿ ಅಣ್ಣಾರ! ಆ ಮಳಿಗಾಲದಾಗ, ಚೀಟಿ ಮ್ಯಾಲ, ನಾ ಹೇಳಿದ್ದೆಲ್ಲಾ ಬರ್ಕೋತಿದ್ರಿ. ಅದರಾಗ ಇರ್ತಾವ, ನೋಡ್ರಿ. ಬರದದ್ದು ಎಲ್ಲಿ ಹೋಗ್ತದ.”

ಮನೆಗೆ ಬಂದು ಕಪಾಟಿನ ಮೇಲಿನ ಪ್ಲಾಸ್ಟಿಕ್ ಚೀಲ ಇಳಿಸಿದೆ. ಬಿಚ್ಚಿದರೆ ಇನ್ನೂ ಬೆಳ್ಳುಳ್ಳಿಯ ವಾಸನೆ. ಒಂದೊಂದೇ ಚೀಟಿ ನೆಲದ ಮೇಲೆ ಹರಡಿ ನೋಡುತ್ತ ಹೋದೆ. ಹರಗೋಲಿನ ಅಗಲ ಇತ್ತು. ಬಿದಿರಿನ ಲೆಕ್ಕ ಇತ್ತು. ಚರ್ಮಕ್ಕೆ ಹಚ್ಚುವ ಎಣ್ಣೆಯ ಹೆಸರಿತ್ತು. ಮಡುವಿನ ನಕ್ಷೆ, ನೀರು ಹಿಂದೆ ತಿರುಗುವ ಕಡೆ ಬಾಣದ ಗುರುತು, ಅಜ್ಜಿಯ ಕಂಬಳಿಯ ಬಣ್ಣ ಎಲ್ಲ ಇತ್ತು. ಮೊದಲ ದಿನದ ಮೊದಲ ಚೀಟಿ ಕೊನೆಗೆ ಸಿಕ್ಕಿತು. ಒಂದು ಬದಿಯಲ್ಲಿ ಎರಡು ಮಸಾಲೆ ದೋಸೆ, ಒಂದು ಇಡ್ಲಿವಡೆ. ಇನ್ನೊಂದು ಬದಿಯಲ್ಲಿ ನನ್ನದೇ ಅವಸರದ ಅಕ್ಷರ.

“ಶುರುವಿಗೆ ಯಾರದೋ ಐದು ಹೆಸರು. ಬೇಡ.”